ದುಬೈ ವಿಸಿಟ್ ವೀಸಾ: ಮೊದಲು ಅಮ್ಮನ ಪಾಸ್‌ಪೋರ್ಟ್ ಬಿಡಿಸಿ ನೋಡಿ

ಅಣ್ಣಾ, ತಂಗಿಯ ಬಾಣಂತನಕ್ಕೆ ಅಮ್ಮನನ್ನು ದುಬೈಗೆ ಕರೆದುಕೊಂಡು ಹೋಗ್ತೇನೆ, ಟಿಕೆಟ್ ಆಯ್ತು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ರೂ ತೊಂದರೆ ಇಲ್ಲ ಅಂತ ಏಜೆಂಟ್ ಹೇಳಿದ್ದಾನೆ ಎಂದು ಬರೆದಿದ್ದೀರಿ. ಇದು ಅಡಿಕೆ ಬೆಳೆಗಾರರ ಗುಂಪೇ ಆದರೂ ನೀವು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಅತ್ತೆಯವರನ್ನು ಇದೇ ಕಾರಣಕ್ಕೆ ವಿಮಾನದ ಕೌಂಟರಿನಿಂದ ವಾಪಸ್ ಕಳಿಸಿದ್ದರು. ವೀಸಾ ಕೈಯಲ್ಲೇ ಇತ್ತು.

2022ರ ನವೆಂಬರಿನಿಂದ ಯುಎಇಗೆ ವಿಸಿಟ್ ವೀಸಾದಲ್ಲಿ ಹೋಗುವವರಿಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ನಡೆಯುವುದಿಲ್ಲ. ಗಿವನ್ ನೇಮ್, ಸರ್‌ನೇಮ್ ಎರಡೂ ತುಂಬಿರಬೇಕು. ಕೊನೇ ಪುಟದಲ್ಲಿ ತಂದೆಯ ಹೆಸರು ಇದ್ದರೆ ಸಾಕು ಎಂದು ಹೇಳುವವರು ಸಿಗುತ್ತಾರೆ. ಆ ರಿಯಾಯಿತಿ ಹೇಳಿದ್ದು ಅಲ್ಲಿ ಇಳಿದ ಮೇಲೆ ವೀಸಾ ಸಿಗುವವರಿಗೆ. ಅಮ್ಮನ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಏಜೆಂಟಿಗೆ ಏನು, ವೀಸಾ ಬಂದರೆ ಅವನ ಕೆಲಸ ಮುಗಿಯಿತು. ಕೌಂಟರಿನಲ್ಲಿ ನಿಲ್ಲುವವರು ಅಮ್ಮ ಅಲ್ವಾ?

ನಮ್ಮ ಕಾಸರಗೋಡು ಕಡೆಯ ಹಿರಿಯ ಹೆಂಗಸರ ಪಾಸ್‌ಪೋರ್ಟಿನಲ್ಲಿ ಇದು ಜಾಸ್ತಿ. ಹೆಸರಿನ ಹಿಂದೆ ಒಂದು ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿಗೆ ಇನಿಷಿಯಲ್ ಆಗುವುದಿಲ್ಲ, ಅದನ್ನು ಬಿಟ್ಟು ಒಂದೇ ಹೆಸರು ಹಾಕಿಸಿರುತ್ತಾರೆ. ಪಯ್ಯನ್ನೂರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರೀಇಶ್ಯೂಗೆ ಹಾಕಿ. ಇನಿಷಿಯಲ್ ಬಿಡಿಸಿ ಬರೆದು ಅಥವಾ ಗಂಡನ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ. 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ 2000. ಆದರೆ ಅದಕ್ಕೂ ಮೊದಲು ಆಧಾರ್ ನೋಡಿ. ಮಲಯಾಳದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತರುವಾಗ ನಮ್ಮ ಶಾರದಾ, ಶಂಕರ ಎಲ್ಲ 'ಎಚ್' ಅಕ್ಷರ ಕಳೆದುಕೊಂಡಿರುತ್ತಾರೆ. ರೇಷನ್ ಕಾರ್ಡಿನಲ್ಲಿ ಒಂದು, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್. ಉಲ್ಟಾ ಮಾಡಿದರೆ ಎರಡೆರಡು ಸಲ ಅಲೆಯಬೇಕು.

ಹೊಸ ಪುಸ್ತಕ ಬಂದರೆ ನಂಬರ್ ಬೇರೆ. ಹಳೇ ನಂಬರಿಗೆ ಮಾಡಿಸಿದ ವೀಸಾ ಕೆಲಸಕ್ಕೆ ಬಾರದು. ಹಾಗಾಗಿ ಏಜೆಂಟನ್ನು ಇವತ್ತೇ ನಿಲ್ಲಿಸಿ. ಪಾಸ್‌ಪೋರ್ಟ್, ಆಮೇಲೆ ವೀಸಾ, ಕೊನೆಗೆ ಟಿಕೆಟ್ ಎನ್ನಬೇಕಿತ್ತು, ಆದರೆ ಈಗ ದುಬೈ ವೀಸಾಕ್ಕೆ ವಾಪಸ್ ಟಿಕೆಟ್ ಕೇಳುತ್ತಾರೆ. ತಾರೀಕು ಬದಲಿಸಬಹುದಾದ ಟಿಕೆಟನ್ನೇ ತೆಗೆಯಿರಿ, ನೂರಿನ್ನೂರು ಉಳಿಸಲು ಕಡಿಮೆಯ ಆ್ಯಪ್‌ಗಳಿಗೆ ಹೋಗಬೇಡಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇರಲಿ, ಇಂಡಿಗೋ ಇರಲಿ, ಅವರದ್ದೇ ಸೈಟಿನಲ್ಲಿ ಮಾಡಿದರೆ ಹೆಸರು ತಿದ್ದಲೂ ಸುಲಭ. ತೆಗೆದ ಟಿಕೆಟಿಗೆ ಹೊಸ ಸರ್‌ನೇಮ್ ಸೇರಿಸುತ್ತಾರಾ ಎಂದು ಈಗಲೇ ಕೇಳಿ.

ತಂಗಿ ಮನೆಯಲ್ಲಿ ಉಳಿಯುವುದಾದರೆ ಹೋಟೆಲ್ ಬುಕಿಂಗ್ ಬೇಡ. ಅವರ ಬಾಡಿಗೆ ಕರಾರು, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ರೆಸಿಡೆನ್ಸ್ ವೀಸಾ ಪ್ರತಿಗಳು ಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಕೈಯಲ್ಲಿ ಖರ್ಚಿಗೆ ಸಾಕಷ್ಟು ದಿರ್ಹಮ್ ಅಥವಾ ಹಣ ಇರುವ ಕಾರ್ಡ್ ಇಟ್ಟುಕೊಳ್ಳಿ, ಕೇಳುವುದುಂಟು. ವೀಸಾ ಬಂದ ಕೂಡಲೇ ದುಬೈಯ ವೀಸಾ ಇಲಾಖೆ ಜಿಡಿಆರ್‌ಎಫ್‌ಎ ಸೈಟಿನಲ್ಲಿ ನೀವೇ ನೋಡಿ, ಏಜೆಂಟ್ ಕಳಿಸಿದ ಪಿಡಿಎಫ್ ನಂಬಿ ಕೂರಬೇಡಿ. ಶಾರ್ಜಾ, ಅಬುಧಾಬಿಯ ವೀಸಾ ಆದರೆ ಯುಎಇ ಕೇಂದ್ರ ಇಲಾಖೆ ಐಸಿಪಿಯ ಸೈಟ್. ದಿನ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಬಾಣಂತನ ಎಂದು ದಿನ ಬಿಗಿ ಹಿಡಿಯದೆ 60 ದಿನದ್ದೇ ಮಾಡಿಸಿ.

ಇನ್ನು ಪೆಟ್ಟಿಗೆ. ಗಸಗಸೆ ಬೇಡವೇ ಬೇಡ, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಚಿಟಿಕೆ ಇದ್ದರೂ ಜೈಲಾಗಬಹುದು. ಲೇಹ್ಯಕ್ಕೆ ಅಮ್ಮ ಗಸಗಸೆ ಹಾಕುತ್ತಾರಾ ಕೇಳಿ, ಹಾಕಿದ್ದರೆ ಭರಣಿ ಮನೆಯಲ್ಲೇ ಇರಲಿ. ವೀಳ್ಯದೆಲೆಗೂ ನಿಷೇಧ ಇದೆ. ಅಮ್ಮನಿಗೆ ಎಲೆಯಡಿಕೆ ಅಭ್ಯಾಸ ಇದ್ದರೆ ಈಗಿನಿಂದಲೇ ಬಿಡಿಸಿ, ನಮ್ಮದೇ ತೋಟದ್ದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ, ಡಾಕ್ಟರ ಚೀಟಿ ಸಮೇತ ಒಯ್ಯಿರಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಅನುಮತಿ ಇಲ್ಲದೆ ಬೇಡ.

ಮಗು ಹುಟ್ಟಿದ ಮೇಲೆ 120 ದಿನದೊಳಗೆ ಅದರ ರೆಸಿಡೆನ್ಸಿ ಆಗಬೇಕು, ಅದಕ್ಕೆ ಮಗುವಿನ ಪಾಸ್‌ಪೋರ್ಟ್ ಬೇಕು. ಬಾವನಿಗೆ ಈಗಲೇ ಹೇಳಿ, ಆ ಫಾರಂನಲ್ಲಿ ಎರಡೂ ಹೆಸರಿನ ಜಾಗ ತುಂಬಲಿ.