ಆ ಜೂಮ್ ಟಾರ್ಚ್ ತರಿಸುವ ಮೊದಲು ಸ್ವಲ್ಪ ನಿಲ್ಲಿ

"ರಾತ್ರಿ ಪಂಪ್ ಹಾಕಲು ಅಡಿಕೆ ತೋಟಕ್ಕೆ ಇಳಿಯಬೇಕು, ಎರಡು ಸಾವಿರ ರೂಪಾಯಿಯೊಳಗೆ ದಿನವೂ ಜೇಬಿನಲ್ಲಿ ಇರುವಂತಹ ಒಂದೇ ಟಾರ್ಚ್ ಹೇಳಿ, ಇದನ್ನು ತರಿಸಬಹುದೇ" ಎಂದು ನೀವು ನಮ್ಮ ಗುಂಪಿನಲ್ಲಿ ಹಾಕಿರುವ ಚಿತ್ರ ನೋಡಿದೆ. ಎಳೆದರೆ ಉದ್ದವಾಗುವ ಜೂಮ್ ತಲೆ, ಐದು ಮೋಡ್, ಪೆಟ್ಟಿಗೆಯ ಮೇಲೆ 1,00,000 ಲುಮೆನ್ (ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ), ಒಳಗೆ 9900 ಎಂಎಎಚ್ (ಸೆಲ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ) ಸೆಲ್. ಇದರ ಅಣ್ಣತಮ್ಮಂದಿರು ನಮ್ಮ ಮನೆಯ ಅಟ್ಟದಲ್ಲಿ ಮಲಗಿದ್ದಾರೆ. ಕೆಳಗೆ "ಚೆನ್ನಾಗಿದೆ, ತೆಗೆದುಕೊಳ್ಳಿ" ಎಂದು ಬರೆದವರು ಅದನ್ನು ಒಂದು ಮಳೆಗಾಲ ಇಟ್ಟುಕೊಂಡು ನೋಡಿದ್ದಾರೆಯೇ ಎಂದು ಮೊದಲು ಕೇಳಿ.

ಆ ಲಕ್ಷದ ಲೆಕ್ಕವನ್ನೇ ಹಿಡಿಯೋಣ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಕೊಡುವುದು ಸುಮಾರು 900 ಲುಮೆನ್, ಅಂದರೆ ವ್ಯಾಟಿಗೆ ನೂರು. ಅದೇ ಲೆಕ್ಕದಲ್ಲಿ ಲಕ್ಷ ಲುಮೆನ್ ಬೇಕಾದರೆ 1000 ವ್ಯಾಟ್ ಬೇಕು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ನಿಮ್ಮ ಬಾವಿಯ ಒಂದು ಎಚ್‌ಪಿ ಮೋಟಾರಿಗಿಂತ ಹೆಚ್ಚು ಶಕ್ತಿಯನ್ನು ಬೆರಳುದ್ದದ ಸೆಲ್ ಕೊಡುತ್ತದೆ ಎಂದು ಆ ಪೆಟ್ಟಿಗೆ ಹೇಳುತ್ತಿದೆ. 9900 ಕೂಡ ಅಷ್ಟೇ ಸತ್ಯ. ಇಂತಹ ಟಾರ್ಚಿಗೆ ಹಾಕುವ 18650 ಸೆಲ್ ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದೊಳಗೆ ಸ್ಯಾಮ್‌ಸಂಗ್, ಎಲ್‌ಜಿ, ಪ್ಯಾನಾಸೋನಿಕ್‌ನವರೇ ತುಂಬಿರುವುದು 3500ರ ಆಸುಪಾಸು. ಅದಕ್ಕಿಂತ ಬಹಳ ಮೇಲಿನ ಸಂಖ್ಯೆ ಕಂಡರೆ ಸೆಲ್‌ನ ಜೊತೆ ಟಾರ್ಚನ್ನೂ ಬಿಟ್ಟುಬಿಡಿ.

ಈಗಾಗಲೇ ಕೈಯಲ್ಲಿರುವ ಸೆಲ್ ಮೇಲೆ ಅನುಮಾನವಿದ್ದರೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡಿ. ಒಳ್ಳೆಯ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಮೂವತ್ತು ಚಿಲ್ಲರೆ ತೋರಿಸಿತೋ, ಒಳಗಿರುವುದು ಬಣ್ಣದ ಹೊದಿಕೆ ಹಾಕಿದ ಬಡಕಲು ಮಾಲು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎಂದಲ್ಲ, ತೂಕವೇ ಇಲ್ಲದಿದ್ದರೆ ನಕಲಿ ಎನ್ನುವುದು ಖಚಿತ. ಹಾಗೆಂದು ಕೊಯ್ದು ನೋಡಲು ಹೋಗಬೇಡಿ. ಲಿಥಿಯಂ ಸೆಲ್ ಅಡಿಕೆಯಲ್ಲ, ಕೊಯ್ದರೆ ಬೆಂಕಿ.

ಇಷ್ಟಾದರೂ ಆ ಟಾರ್ಚಿನ ದೊಡ್ಡ ದೋಷ ಸೆಲ್ ಅಲ್ಲ, ಅದರ ಜೂಮ್. ತಲೆಯನ್ನು ಮುಂದಕ್ಕೆ ಎಳೆದು ಗೋಡೆಗೆ ಹಿಡಿದು ನೋಡಿ, ಚೌಕಾಕಾರದ ಬೆಳಕು ಬೀಳುತ್ತದೆ. ಅದು ಎಲ್‌ಇಡಿ ಚಿಪ್ಪಿನದೇ ಬಿಂಬ. ಆ ಚೌಕದ ಆಚೆ ಕತ್ತಲು. ಲೆನ್ಸಿಗೆ ಸಿಗದ ಪಕ್ಕದ ಬೆಳಕೆಲ್ಲ ತಲೆಯ ಒಳಗೇ ಸಾಯುತ್ತದೆ. ತೋಟದ ಆ ತುದಿಯ ಮರದ ಗೊನೆ ಕಾಣಿಸುತ್ತದೆ, ನಿಮ್ಮ ಪಾದದ ಮುಂದಿನ ಎರಡು ಅಡಿ ಕಾಣಿಸುವುದಿಲ್ಲ. ಕೊಳಕುಮಂಡಲ ಮಲಗುವುದು ಆ ಎರಡು ಅಡಿಯಲ್ಲಿ. ಪ್ರತಿಫಲಕ ಇರುವ, ಅಂದರೆ ಒಳಗೆ ಹೊಳೆಯುವ ಬಟ್ಟಲು ಕೂರಿಸಿದ ಟಾರ್ಚಿನಲ್ಲಿ ನಡುವೆ ಗಟ್ಟಿ ಬೆಳಕು, ಸುತ್ತ ತೆಳುವಾಗಿ ಹರಡಿದ ಬೆಳಕು ಎರಡೂ ಏಕಕಾಲಕ್ಕೆ ಇರುತ್ತವೆ. ನಡುವಿನದು ದಾರಿ ತೋರಿಸುತ್ತದೆ, ಸುತ್ತಲಿನದು ಕಾಲನ್ನು ಕಾಯುತ್ತದೆ. ಜೂಮ್ ತಲೆಗೆ ಇನ್ನೊಂದು ಚಟವಿದೆ: ಹಿಂದೆ ಮುಂದೆ ಎಳೆದಾಗಲೆಲ್ಲ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಜುಲೈ ತಿಂಗಳ ಗಾಳಿ ಎಂದರೆ ಅರ್ಧ ನೀರು. ಲೆನ್ಸಿನ ಒಳಮೈಗೆ ಮಂಜು ಕೂತ ಮೇಲೆ ಬಿಚ್ಚಿ ಒರೆಸಲೂ ಬರುವುದಿಲ್ಲ.

ಐದು ಮೋಡ್ ಬಗ್ಗೆಯೂ ಹೇಳಲೇಬೇಕು. ಹೆಚ್ಚು, ಮಧ್ಯಮ, ಕಡಿಮೆ, ಮಿಣಮಿಣ, ಎಸ್‌ಒಎಸ್ ಎಂಬ ಅಪಾಯದ ಸಂಕೇತ. ಕಡಿಮೆ ಬೆಳಕಿನಿಂದ ಮತ್ತೆ ಹೆಚ್ಚಿಗೆ ಬರಬೇಕಾದರೆ ಆ ಮಿಣುಕಾಟವನ್ನು ದಾಟಿಯೇ ಬರಬೇಕು. ಕೊಟ್ಟಿಗೆಯಲ್ಲಿ ಒಮ್ಮೆ ಹಾಗೆ ಮಾಡಿ ನೋಡಿ, ಕರು ಹಗ್ಗ ಹರಿದುಕೊಳ್ಳುತ್ತದೆ.

ದಿನಬಳಕೆಯ ಟಾರ್ಚಿನಲ್ಲಿ ನಾನು ಮೊದಲು ನೋಡುವುದು ಅದು ಎಷ್ಟು ಕಡಿಮೆ ಉರಿಯಬಲ್ಲದು ಎಂಬುದನ್ನು. ಎಷ್ಟು ಜೋರು ಎನ್ನುವುದು ಆಮೇಲಿನ ಮಾತು. ಮಲಗುವ ಕೋಣೆಯಲ್ಲಿ ಕನ್ನಡಕ ಹುಡುಕಲು ಒಂದು ಲುಮೆನ್ ಸಾಕು, ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಐದು, ದಾರಿ ನಡೆಯಲು ಮೂವತ್ತರಿಂದ ಅರವತ್ತು. ಇನ್ನೂರು ಮುನ್ನೂರು ಬೇಕಾಗುವುದು ಹಂದಿ ಬಂದ ಸದ್ದಾದಾಗ, ಅದೂ ಅರ್ಧ ನಿಮಿಷಕ್ಕೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮನೆಯ ಮೆಟ್ಟಿಲಲ್ಲೇ ಸಾವಿರ ಲುಮೆನ್ ಹಾಕಿಕೊಂಡರೆ ಆ ಹೊಂದಾಣಿಕೆ ಅಲ್ಲಿಗೇ ಮುಗಿಯಿತು, ಆಮೇಲೆ ಬೆಳಕಿನ ಆಚೆ ಏನೂ ಕಾಣುವುದಿಲ್ಲ. ಒಂದು ಒಳ್ಳೆಯ 18650 ಸೆಲ್ಲಿನಲ್ಲಿ ಸುಮಾರು 12 ವ್ಯಾಟ್-ಅವರ್ ಶಕ್ತಿ ಇರುತ್ತದೆ. ನೂರು ಲುಮೆನ್‌ನಲ್ಲಿ ಉರಿಸಿದರೆ ಹೆಚ್ಚುಕಡಿಮೆ ಇಡೀ ರಾತ್ರಿ. ಸಾವಿರದಲ್ಲಿ ಉರಿಸಿದರೆ ಗಂಟೆಯೂ ಬಾಳುವುದು ಅನುಮಾನ, ಅದಕ್ಕೂ ಮೊದಲೇ ಮೈ ಬಿಸಿಯಾಗಿ ಟಾರ್ಚ್ ತಾನೇ ಬೆಳಕು ಇಳಿಸಿಕೊಳ್ಳುತ್ತದೆ.

ಹಿಡಿಯುವ ರೀತಿಯ ಬಗ್ಗೆ ನನಗೆ ಸ್ವಲ್ಪ ಹಟವಿದೆ, ಮನೆಯವರು ನಗುತ್ತಾರೆ. ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಹಿಡಿಯಿರಿ. ಕಣ್ಣಿನ ಮಟ್ಟದಿಂದ ಬಿದ್ದ ಬೆಳಕಿನಲ್ಲಿ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗಿಬಿಡುತ್ತದೆ, ನೆಲವೆಲ್ಲ ಚಪ್ಪಟೆ. ಕೆಳಗಿನಿಂದ ಓರೆಯಾಗಿ ಹಾಯಿಸಿದರೆ ಒಂದು ಕಡ್ಡಿಗೂ ಉದ್ದನೆಯ ನೆರಳು ಬೀಳುತ್ತದೆ. ಬಿದ್ದ ಸೋಗೆ, ಹಾಳೆ, ಉದುರಡಿಕೆ ಎಲ್ಲ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಕಟ್ಟುಹಾವಿನ ಮೈಯ ಹೊಳಪು ಆಗ ಕಣ್ಣಿಗೆ ಬಿದ್ದಂತೆ ಮೇಲಿನಿಂದ ಹಿಡಿದಾಗ ಬೀಳುವುದಿಲ್ಲ. ಅಂಗಳದಲ್ಲಿ ಒಂದು ಹಗ್ಗದ ತುಂಡು ಎಸೆದು ಎರಡೂ ರೀತಿ ಹಿಡಿದು ನೋಡಿ, ನನ್ನ ಮಾತು ನಂಬುವುದೇ ಬೇಡ. ತಲೆಗೆ ಕಟ್ಟುವ ಲೈಟನ್ನು ನಾನು ನಡೆಯಲು ಬಳಸದಿರುವುದು ಇದೇ ಕಾರಣಕ್ಕೆ. ಮಳೆಯಲ್ಲಿ ಅದು ಕಣ್ಣ ಮುಂದಿನ ಹನಿಗಳನ್ನೇ ಬೆಳಗುತ್ತದೆ, ಹುಳುಗಳು ಬಾಯಿಗೇ ಬರುತ್ತವೆ. ಎರಡೂ ಕೈ ಬೇಕಾದ ಕೆಲಸಕ್ಕೆ, ಪೈಪ್ ಒಡೆದಾಗ, ಹಸು ಕರು ಹಾಕುವಾಗ ಅದೇ ಸರಿ. ಹಾವಿನ ವಿಷಯದಲ್ಲಿ ಟಾರ್ಚ್ ಇದೆ ಎಂದು ಗಂಬೂಟು ಬಿಡುವವರಿಗೆ ನನ್ನ ಬಳಿ ಉತ್ತರವಿಲ್ಲ.

ಬೆಳಕಿನ ಬಣ್ಣ. ಅದನ್ನು ಅಳೆಯುವುದು ಕೆಲ್ವಿನ್‌ನಲ್ಲಿ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಅಗ್ಗದ ಟಾರ್ಚುಗಳು ಹೆಚ್ಚಾಗಿ 6500 ಕೆಲ್ವಿನ್‌ನ ನೀಲಿಬಿಳಿ. ಲುಮೆನ್ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಒಣಗಿದ ಎಲೆ, ಮಣ್ಣು, ಹಾವು ಎಲ್ಲಕ್ಕೂ ಒಂದೇ ಬೂದಿ ಬಣ್ಣ ಬಳಿಯುತ್ತದೆ. 4000ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ) 90 ಅಥವಾ ಅದಕ್ಕಿಂತ ಮೇಲಿನದನ್ನು ಹುಡುಕಿ. ನಿಚಿಯಾ 519ಎ, ಸ್ಯಾಮ್‌ಸಂಗ್ ಎಲ್‌ಎಚ್351ಡಿ ಅಂತಹ ಎಲ್‌ಇಡಿಗಳು. ಅದರಲ್ಲಿ ಕಂದು ಕಂದಾಗಿ, ಕೆಂಪು ಕೆಂಪಾಗಿ ಕಾಣುತ್ತದೆ. ಲುಮೆನ್ ಸ್ವಲ್ಪ ಕಡಿಮೆ ಸಿಗುತ್ತದೆ, ಚಿಂತೆಯಿಲ್ಲ.

ಹಾಗಾದರೆ ಯಾವುದು? ನನ್ನ ಮತ ವರ್ಕೋಸ್ ಎಫ್‌ಸಿ11ಕ್ಕೆ. ಒಂದು 18650 ಸೆಲ್, ಪಕ್ಕದಲ್ಲಿ ಟೈಪ್-ಸಿ ಚಾರ್ಜಿಂಗ್, ಆರಿರುವಾಗ ಗುಂಡಿಯನ್ನು ಒತ್ತಿ ಹಿಡಿದರೆ ನೇರವಾಗಿ ಅತಿ ಕಡಿಮೆ ಬೆಳಕು. ಬಾಲದಲ್ಲಿ ಆಯಸ್ಕಾಂತವಿದೆ, ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಗೆ ಅಂಟಿಸಿ ಎರಡೂ ಕೈಯಲ್ಲಿ ಫ್ಯೂಸ್ ನೋಡಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಅಂಗಿಯ ಜೇಬಿನಲ್ಲಿ ಇಡಬೇಡಿ. ಕಾನ್‌ವಾಯ್ ಎಸ್2+ ಇನ್ನೂ ಗಟ್ಟಿ ಮಾಲು, ಬಾಲದಲ್ಲಿ ಕ್ಲಿಕ್ ಗುಂಡಿ, ಕೆಟ್ಟರೆ ಗುಂಡಿ ಮಾತ್ರ ಬದಲಿಸಬಹುದು. ಆದರೆ ಅದಕ್ಕೆ ಹೊರಗಿನ ಚಾರ್ಜರ್ ಬೇಕು. ಸೋಫಿರ್ನ್ ಎಸ್‌ಸಿ31 ಪ್ರೊ ಬೆಳಕಿನಲ್ಲಿ ಮುಂದು, ಒಂದೇ ಗುಂಡಿಯ ಬೇರೆಬೇರೆ ಒತ್ತುಗಳಿಂದ ಎಲ್ಲವನ್ನೂ ನಡೆಸುವ ಅದರ ಅಂಡುರಿಲ್ ವ್ಯವಸ್ಥೆ ನನ್ನಂತಹ ಹುಚ್ಚರಿಗೆ ಹಬ್ಬ, ಮನೆಯ ಹಿರಿಯರ ಕೈಗೆ ಕೊಟ್ಟರೆ ಬೈಗುಳ. ಓಲೈಟ್ ನೋಡಲು ಬಲು ಚೆಂದ, ಕಟ್ಟಿರುವುದೂ ಅಚ್ಚುಕಟ್ಟು. ಅದರ ಅನೇಕ ಮಾದರಿಗಳಿಗೆ ಅವರದೇ ಸೆಲ್, ಅವರದೇ ಆಯಸ್ಕಾಂತದ ಕೇಬಲ್ ಬೇಕು. ಕೇಬಲ್ ಇಲಿ ಕಡಿದರೆ ಹೊಸನಗರದ ಯಾವ ಅಂಗಡಿಯಲ್ಲಿ ಕೇಳುತ್ತೀರಿ? ಫೀನಿಕ್ಸ್ ಒಳ್ಳೆಯದೇ, ನಿಮ್ಮ ಎರಡು ಸಾವಿರ ಅದಕ್ಕೆ ಸಾಲದು. ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ 2020ರಲ್ಲಿ ಭಾರತದಲ್ಲಿ ನಿಷೇಧವಾದ ಮೇಲೆ ಈ ಚೀನಾ ಮಾಲುಗಳು ಸುತ್ತುಬಳಸಿ ಬರುತ್ತವೆ, ಮಾರುವವರು ಇಷ್ಟಬಂದ ಬೆಲೆ ಹೇಳುತ್ತಾರೆ. ಅವಸರ ಮಾಡದೆ ಬೆಲೆ ಇಳಿಯುವವರೆಗೆ ಕಾಯಿರಿ.

ಸೆಲ್ ಒಳಗೇ ಬೆಸುಗೆ ಹಾಕಿಟ್ಟ ಟಾರ್ಚ್ ಯಾವ ಬ್ರಾಂಡಿನದೇ ಆದರೂ ತೋಟಕ್ಕೆ ಬೇಡ. ಸೆಲ್ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಟಾರ್ಚನ್ನೇ ಎಸೆಯಬೇಕಾಗುತ್ತದೆ.

ಲಿಥಿಯಂ ಗೊಡವೆಯೇ ಬೇಡ ಎನ್ನುವ ಹಿರಿಯರಿಗೆ ಪೆನ್ಸಿಲ್ ಸೆಲ್ಲಿನ, ಅಂದರೆ ಎಎ ಟಾರ್ಚ್ ಕೊಡಿ. ಹಿತ್ತಾಳೆಯ ಎವರೆಡಿಗೆ ದಪ್ಪ ಸೆಲ್ ಹಾಕಿ, ಮುಗಿಯುತ್ತಾ ಬಂದಾಗ ಬಿಸಿಲಿಗಿಟ್ಟು ಇನ್ನೊಂದು ರಾತ್ರಿ ಹಿಂಡಿಕೊಂಡವರಿಗೆ ಅದು ಒಗ್ಗುತ್ತದೆ. ಅದರಲ್ಲಿ ಸಾದಾ ಸೆಲ್ ತಿಂಗಳುಗಟ್ಟಲೆ ಬಿಡಬೇಡಿ, ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಎನಿಲೂಪ್ ತರಹದ ಮರುಚಾರ್ಜ್ ಸೆಲ್ ಹಾಕಿ. 1.2 ವೋಲ್ಟ್ ಎಂದು ಹೆದರಬೇಕಾಗಿಲ್ಲ, ಇಂದಿನ ಎಲ್‌ಇಡಿ ಟಾರ್ಚುಗಳು ಅದರಲ್ಲಿ ಸುಖವಾಗಿ ನಡೆಯುತ್ತವೆ.

ಪೆಟ್ಟಿಗೆಯ ಮೇಲಿನ ದೂರದ ಲೆಕ್ಕವನ್ನೂ ಹಾಗೇ ನುಂಗಬೇಡಿ. 200 ಮೀಟರ್ ಎಂದರೆ ಅಲ್ಲಿ ಬೀಳುವುದು ಕಾಲು ಲಕ್ಸ್, ಹುಣ್ಣಿಮೆ ಬೆಳದಿಂಗಳಷ್ಟು. ಅಷ್ಟು ದೂರದಲ್ಲಿ ಆ ಬೆಳಕಿಗೆ ನಿಂತದ್ದು ಹಂದಿಯೋ ಮರದ ಬೊಡ್ಡೆಯೋ ತಿಳಿಯದು, ಅರ್ಧ ಎಂದೇ ಎಣಿಸಿ. ಉರಿಯುವ ಅವಧಿಯೂ ಬೆಳಕು ಹತ್ತನೇ ಒಂದು ಭಾಗಕ್ಕೆ ಕುಸಿಯುವವರೆಗಿನದು. ನೀರು ತಡೆಯುವ ದರ್ಜೆ ಐಪಿಎಕ್ಸ್7 ಅಥವಾ 8 ಇರಲಿ. ಐಪಿಎಕ್ಸ್4 ಎಂದರೆ ಚಿಮುಕಿಸುವ ನೀರಿಗಷ್ಟೇ, ಕಾಲುಸಂಕದಿಂದ ಕಾಲುವೆಗೆ ಬಿದ್ದರೆ ಅಲ್ಲ. ಬಾಲದ ರಬ್ಬರ್ ಬಳೆಗೆ ವರ್ಷಕ್ಕೊಮ್ಮೆ ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ ಹಚ್ಚಿ ಧೂಳು ಅಂಟಿಸಿಕೊಂಡವರನ್ನು ಈ ಗುಂಪಿನಲ್ಲೇ ನೋಡಿದ್ದೇನೆ.

ಜೇಬಿಗೆ ಹಾಕುವ ಮುನ್ನ ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಪಕ್ಕದ ಗುಂಡಿ ಒತ್ತಿಕೊಂಡು ಜೇಬಿನಲ್ಲೇ ಹೊತ್ತಿದರೆ ಬಟ್ಟೆ ಸುಡುತ್ತದೆ, ತೊಡೆಯೂ. ಹೆಚ್ಚುವರಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆಯ ಜೊತೆ ಇಡಬೇಡಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಹೊದಿಕೆ ಹರಿದಿದ್ದರೆ ಹೊಸದು ಸುತ್ತಿಸುವವರೆಗೆ ಬಳಸಬೇಡಿ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಹಾಕುವ ಸಾಹಸವನ್ನು ಸಲಹೆ ಎಂದು ಬರೆದವರು ದಯವಿಟ್ಟು ಅಳಿಸಿ, ಇಲ್ಲಿ ಮಕ್ಕಳೂ ಓದುತ್ತಾರೆ. ವಿಮಾನದಲ್ಲಿ ಹೋಗುವುದಿದ್ದರೆ ಬಿಡಿ ಸೆಲ್ ಕೈಚೀಲದಲ್ಲಿರಲಿ, ಕೆಳಗೆ ಹಾಕುವ ಸಾಮಾನಿನಲ್ಲಿ ಬಿಡುವುದಿಲ್ಲ.

ಪಂಚೆ ಉಡುವವರು ಕ್ಲಿಪ್ಪನ್ನು ನಂಬಬೇಡಿ, ಬಾಲದ ತೂತಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಎಫ್‌ಸಿ11 ಸಿಗದಿದ್ದರೆ ನಿಮಗೆ ಸಿಕ್ಕಿದ್ದರ ಹೆಸರು, ಸೆಲ್‌ನ ಗಾತ್ರ, ಮೋಡ್‌ಗಳು ಬರುವ ಕ್ರಮ ಇಷ್ಟನ್ನು ಇಲ್ಲಿ ಹಾಕಿ, ದುಡ್ಡು ಕಟ್ಟುವ ಮೊದಲೇ.