ಅಮ್ಮನ ಜೊತೆ ಕೇಳಿದ ಜುಲೈ

ಅಮ್ಮನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಜುಲೈ ಪೂರ್ತಿ ನಾವಿಬ್ಬರೂ ಶಿವಮೊಗ್ಗದ ಮನೆಯಲ್ಲೇ ಇರುತ್ತೇವೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಆ ತಿಂಗಳು ಏನು ಕೇಳಿದಿರಿ, ಏನು ಓದಿದಿರಿ, ಏನು ನೋಡಿದಿರಿ ಎಂದು ತುಂಬಾ ಜನ ಕೇಳಿದ್ದೀರಿ. ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ತಿಂಗಳಲ್ಲಿ ಅತಿ ಹೆಚ್ಚು ಸಲ ಕೇಳಿದ್ದು ಯಾವುದು?
(ಓದುಗರು, ಗದಗ)

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹಾಡಿರುವ ಅಕ್ಕಮಹಾದೇವಿಯ ವಚನ, ‘ಅಕ್ಕ ಕೇಳವ್ವಾ’. ದಿನಕ್ಕೊಂದು ಸಲವಂತೂ ಕೇಳಿದ್ದೇವೆ. ಬೆಳಿಗ್ಗೆ ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೂರಬೇಕಿತ್ತು. ಸುಮ್ನೆ ಕೂರುವುದು ಅವರಿಗೆ ಆಗದ ಕೆಲಸ. ಮೊದಲ ದಿನ ಈ ವಚನ ಹಾಕಿದೆ. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ‘ಎಂಥಾ ದಮ್ಮು ನೋಡವಾ ಅವರದು’ ಎಂದರು. ಅಮ್ಮನ ತವರು ಹುಬ್ಬಳ್ಳಿ. ಖುಷಿಯಾದಾಗ ಆ ಮಾತು ತಾನಾಗಿ ಬಂದುಬಿಡುತ್ತದೆ.

ಅಕ್ಕಮಹಾದೇವಿ ಅಲ್ಲಿ ಒಂದು ಕನಸು ಹೇಳುತ್ತಾಳೆ. ಅಕ್ಕಿ, ಅಡಿಕೆ, ಓಲೆ, ತೆಂಗಿನಕಾಯಿ ಕಂಡೆ ಎನ್ನುತ್ತಾಳೆ. ಎಲ್ಲವೂ ಮನೆಯಲ್ಲಿರುವ ಸಾಮಾನುಗಳೇ. ಅದಾದ ಮೇಲೆ ದೇವರು ಭಿಕ್ಷೆಗೆ ಬಂದ ಗೊರವನಾಗಿ ಕಾಣಿಸುತ್ತಾನೆ. ಮನ್ಸೂರರು ‘ಅಕ್ಕ’ ಎಂದು ಕರೆಯುವಾಗ ನನಗೆ ಕಛೇರಿಯ ನೆನಪೇ ಆಗುವುದಿಲ್ಲ. ಪಕ್ಕದ ಅಂಗಳದಿಂದ ಯಾರೋ ಕರೆದ ಹಾಗೆ ಕೇಳುತ್ತದೆ.

ಪ್ರಶ್ನೆ: ನನಗೆ ಹಿಂದೂಸ್ತಾನಿ ಸಂಗೀತ ಅರ್ಥವಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?
(ಓದುಗರು, ಕೋಲಾರ)

ಒಂದು ಗಂಟೆಯ ರಾಗದಿಂದ ಶುರು ಮಾಡಬೇಡಿ. ಹಳೆಯ ಗ್ರಾಮಫೋನ್ ತಟ್ಟೆಗಳ ಹಾಡು ಹುಡುಕಿ. ಅವುಗಳ ಒಂದು ಬದಿಯಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂಚೂರು ಹಿಡಿಯುತ್ತಿತ್ತು. ಇಡೀ ರಾಗದ ರುಚಿಯನ್ನು ಅಷ್ಟರಲ್ಲೇ ಕೊಡಬೇಕಿತ್ತು, ಕೊಟ್ಟಿದ್ದಾರೆ ಕೂಡ.

ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳನ್ನು ಕೇಳಿ. ಆಗ ಅವರದು ಎಳೆಯ, ಏರುದನಿ. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಪೂರ್ತಿ ಬದಲಾಯಿತು. ನಮಗೆಲ್ಲ ಗೊತ್ತಿರುವುದು ಆ ಗಟ್ಟಿ, ತುಂಬು ದನಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆವು. ಒಬ್ಬರೇ ಹಾಡಿದ್ದು ಅಂತ ನಂಬಲು ಕಷ್ಟ, ಅಲ್ವಾ? ನನಗೆ ಎರಡನೆಯ ದನಿಯೇ ಇಷ್ಟ. ಕಳೆದುಕೊಂಡ ದನಿಗಾಗಿ ಅಳುತ್ತಾ ಕೂರದೆ, ಸಿಕ್ಕ ದನಿಯಲ್ಲೇ ಅಷ್ಟು ದೊಡ್ಡ ಸಂಗೀತ ಕಟ್ಟಿದರಲ್ಲ! ಕಲಿಯುವ ದಿನಗಳಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಗುರು ಸವಾಯಿ ಗಂಧರ್ವರ ಬಳಿಗೆ, ರೈಲಿನಲ್ಲಿ ಹೋಗುತ್ತಿದ್ದರು. ಆ ರೈಲಿನ ಮಾತು ಬಂದ ದಿನ ಅಮ್ಮ ತಮ್ಮ ಬಾಲ್ಯದ ಎಲ್ಲ ರೈಲುಗಳ ಕತೆ ಹೇಳಿದರು. ಊಟ ತಡವಾಯಿತು.

ಪ್ರಶ್ನೆ: ಪಾಡ್‌ಕಾಸ್ಟ್ ಏನಾದರೂ ಕೇಳಿದಿರಾ? ಕನ್ನಡದಲ್ಲಿ ಇವೆಯಾ?
(ಓದುಗರು, ತುಮಕೂರು)

ಇವೆ. ನಾನು ಕೇಳಿದ್ದು ‘ತಲೆ-ಹರಟೆ’. ಅತಿಥಿಗಳನ್ನು ಕೂರಿಸಿಕೊಂಡು ಒಂದೊಂದು ವಿಷಯದ ಬಗ್ಗೆ ಬಿಡುವಾಗಿ ಮಾತಾಡುತ್ತಾರೆ. ಅವಸರ ಇಲ್ಲ. ಅಡುಗೆ ಮಾಡುತ್ತಾ ಕೇಳಲು ಹೇಳಿ ಮಾಡಿಸಿದ್ದು. ಅಮ್ಮ ಮಾತ್ರ ರೇಡಿಯೊ ಕಡೆಯವರು. ಸಂಜೆಯಾದರೆ ಭದ್ರಾವತಿ ಆಕಾಶವಾಣಿ ಬೇಕೇ ಬೇಕು.

ಪ್ರಶ್ನೆ: ಬಾನು ಮುಷ್ತಾಕ್ ಅವರ ಕತೆಗಳನ್ನು ಓದಿದಿರಾ?
(ಓದುಗರು, ಹಾಸನ)

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಒಂದು ಸಲ ಓದಿದ್ದೆ. ಈ ಸಲ ಅಮ್ಮನಿಗಾಗಿ ‘ಎದೆಯ ಹಣತೆ’ ಕತೆಯನ್ನು ಗಟ್ಟಿಯಾಗಿ ಓದಿದೆ. ಗಂಡ ಬಿಟ್ಟುಹೋದ ಮೆಹರುನ್ ತವರಿಗೆ ಬರುತ್ತಾಳೆ. ಅಲ್ಲಿಯೂ ಅವಳಿಗೆ ಜಾಗ ಇಲ್ಲ, ವಾಪಸ್ ಕಳಿಸುತ್ತಾರೆ. ಕೊನೆಗೆ ಸಾಯಲು ಹೊರಟ ಅವಳನ್ನು ತಡೆದು ನಿಲ್ಲಿಸುವುದು ಮಗಳು. ಆ ಪುಟ ಬಂದಾಗ ನನಗೆ ಗಂಟಲು ಕಟ್ಟಿತು. ಪುಸ್ತಕ ಮುಚ್ಚಿ ನೀರು ಕುಡಿದು ಬಂದು ಮತ್ತೆ ಓದಿದೆ. ಅಮ್ಮ ಆವತ್ತು ಇನ್ನೊಂದು ಕತೆ ಓದು ಅನ್ನಲಿಲ್ಲ.

ಮನಸ್ಸಿನಲ್ಲೇ ಓದುವಾಗ ನಾವು ಕೆಲವು ಸಾಲು ಹಾರಿಸುತ್ತೇವೆ. ಗಟ್ಟಿಯಾಗಿ ಓದಿದರೆ ಪ್ರತಿ ಮಾತೂ ಬಾಯಿಂದ ದಾಟಿ ಹೋಗಬೇಕು. ಕತೆಯ ಭಾರ ಗೊತ್ತಾಗುವುದು ಆಗಲೇ.

ಪ್ರಶ್ನೆ: ಟೀವಿಯಲ್ಲಿ ಏನು ನೋಡಿದಿರಿ?
(ಓದುಗರು, ದಾವಣಗೆರೆ)

ಒಂದೇ ಒಂದು ಧಾರಾವಾಹಿ, ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’. 1986ರಲ್ಲಿ ದೂರದರ್ಶನದಲ್ಲಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಎದುರು ಮನೆಯಲ್ಲಿ ನೆಲದ ಮೇಲೆ ಕೂತು ನೋಡುತ್ತಿದ್ದೆವು.

ಈಗ ಮೊದಲ ಎರಡು ವಾರ ಅಮ್ಮ ಅದನ್ನು ಕೇಳಿದರು ಅಷ್ಟೆ. ಎಡಗಣ್ಣಿಗೂ ಪೊರೆ ಬಂದಿದೆ, ಸರಿಯಾಗಿ ಕಾಣಿಸುವುದಿಲ್ಲ. ಹಿಂದಿ ಅವರಿಗೆ ಅಷ್ಟಕ್ಕಷ್ಟೆ. ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ: ಈಗ ಸ್ವಾಮಿ ಓಡುತ್ತಿದ್ದಾನೆ, ಈಗ ಅವನಪ್ಪ ಬಂದರು. ಅಪ್ಪನ ಪಾತ್ರ ಗಿರೀಶ್ ಕಾರ್ನಾಡರದು. ಅವರ ದನಿ ಬಂದ ಕೂಡಲೇ ಅಮ್ಮ ‘ಈಗ ಹುಡುಗನಿಗೆ ಬೈಗುಳ’ ಎನ್ನುತ್ತಿದ್ದರು. ಎಲ್. ವೈದ್ಯನಾಥನ್ ಅವರ ಆ ಶುರುವಿನ ಸಂಗೀತ ಇದೆಯಲ್ಲ, ಅದಕ್ಕೆ ಕಣ್ಣೇ ಬೇಡ.

ಮೂರನೇ ವಾರ ಒಂದು ಸಂಜೆ ಅದೇ ಸಂಗೀತ ಬಂತು. ಅಮ್ಮ ಮುಂದಕ್ಕೆ ಬಾಗಿ ಕೂತರು. ‘ಗೆರೆ ಕಾಣಸ್ತಾವ’ ಎಂದರು. ಪರದೆಯ ಮೇಲೆ ಆರ್.ಕೆ. ಲಕ್ಷ್ಮಣರ ಚಿತ್ರಗಳಿದ್ದವು. ಜುಲೈನ ಅತ್ಯುತ್ತಮ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದರೆ ಅದೇ ಎನ್ನುತ್ತೇನೆ.

ನೀವು ದಾವಣಗೆರೆಯವರು. ನಿಮ್ಮ ಊರಿನ ಹತ್ತಿರದ ಆನಗೋಡಿನಲ್ಲೇ 1990ರಲ್ಲಿ ಶಂಕರ್ ನಾಗ್ ತೀರಿಕೊಂಡಿದ್ದು. ಆಗ ಅವರಿಗೆ 35 ವರ್ಷ. ಅಷ್ಟರೊಳಗೆ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿ ಇಡೀ ದೇಶಕ್ಕೆ ತೋರಿಸಿದ್ದರು. ಧಾರಾವಾಹಿಯ ರೈಲು ನಿಲ್ದಾಣ ನಮ್ಮ ಜಿಲ್ಲೆಯ ಅರಸಾಳು. ಅಲ್ಲಿನ ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಮಳೆ ಕಡಿಮೆಯಾದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.

ಪ್ರಶ್ನೆ: ತಿಂಗಳ ಪುಸ್ತಕ ಒಂದೇ ಹೇಳಿ ಎಂದರೆ?
(ಓದುಗರು, ಮೈಸೂರು)

ಮನ್ಸೂರರ ಆತ್ಮಕತೆ, ‘ನನ್ನ ರಸಯಾತ್ರೆ’. ದಿನವೂ ಸಂಜೆ ಒಂದಿಷ್ಟು ಪುಟ ಓದುತ್ತಿದ್ದೆ. ಧಾರವಾಡದ ಪಕ್ಕದ ಹಳ್ಳಿಯ ಹುಡುಗ ಅಣ್ಣನ ಹಿಂದೆ ನಾಟಕ ಕಂಪನಿಗೆ ಹೋಗುತ್ತಾನೆ. ಮುಂದೆ ನೀಲಕಂಠಬುವಾ ಅವರ ಬಳಿ ಕಲಿಯುತ್ತಾನೆ. ಹೆಸರು ಬಂದ ಮೇಲೂ ಮಂಜಿಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂರುತ್ತಾನೆ. ಮಂಜಿಖಾನರು 1937ರಲ್ಲೇ ಹೋಗಿಬಿಡುತ್ತಾರೆ. ಆಮೇಲೆ ಅವರ ತಮ್ಮ ಬುರ್ಜಿಖಾನರ ಹತ್ತಿರ ಕಲಿಕೆ ಮುಂದುವರಿಯುತ್ತದೆ. ಗುರುಗಳ ಬಗ್ಗೆ ಇಷ್ಟು ಪ್ರೀತಿ ಇರುವ ಪುಸ್ತಕ ನಾನು ಬೇರೆ ಓದಿಲ್ಲ.

ತಿಂಗಳ ಕೊನೆಗೆ ಅಮ್ಮನಿಗೆ ಹೊಸ ಕನ್ನಡಕ ಬಂತು. ಕೊನೆಯ ಹತ್ತು ಪುಟವನ್ನು ಅವರೇ ಗಟ್ಟಿಯಾಗಿ ಓದಿದರು. ನಾನು ಹಲಸಿನ ಬೀಜ ಸುಲಿಯುತ್ತಾ ಕೇಳಿದೆ.