ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸುವ ಖಾಸಗಿ ಕಂಪನಿಗಳು ಬೆಂಕಿ ಇಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತವೆ?

ನೀವು ಕೇಳಿದ್ದು ಇಷ್ಟು: ಲಾಸ್ ಏಂಜಲೀಸ್ ಬೆಂಕಿಯ ಹೊತ್ತಿಗೆ ದುಡ್ಡಿದ್ದವರು ಬಾಡಿಗೆ ಫೈರ್‌ಫೈಟರ್‌ಗಳನ್ನು ಕರೆಸಿಕೊಂಡರಂತೆ, ಅಂಥ ಕಂಪನಿಗಳು ನಿಜಕ್ಕೂ ಇವೆಯಾ? ಇದ್ದರೆ ಬೆಂಕಿ ಇಲ್ಲದಾಗ ಅವರಿಗೆ ಏನು ಕೆಲಸ, ಸಂಬಳ ಯಾರು ಕೊಡುತ್ತಾರೆ?

ಇವೆ. ನಾನು ಅಂಥದ್ದೇ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ದಕ್ಷಿಣ ಆರೆಗನ್‌ನಲ್ಲಿ, ಮೆಡ್‌ಫರ್ಡ್ ಹತ್ತಿರ. ಮೂರು ಎಂಜಿನ್, ನೀರಿನ ಒಂದು ಟ್ಯಾಂಕರ್, 20 ಜನರ ಒಂದು ಕ್ರೂ. ಇಷ್ಟೇ ನಮ್ಮ ಸಾಮ್ರಾಜ್ಯ. ಇಲ್ಲಿ ಎಂಜಿನ್ ಅಂದರೆ ಪಂಪು, ಪೈಪು, ನೀರು ಹೊತ್ತ ಲಾರಿ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. 2025ರ ಜನವರಿಯಲ್ಲಿ ನೀವು ಓದಿದ್ದು ಒಂದು ಜಾತಿ. ಅವರನ್ನು ಮನೆಯ ಮಾಲೀಕರೋ ಇನ್ಶೂರೆನ್ಸ್ ಕಂಪನಿಗಳೋ ಕರೆಸುತ್ತವೆ. ಆ ಮನೆ, ಆ ಕಟ್ಟಡ ಉಳಿಸುವುದಷ್ಟೇ ಅವರ ಕೆಲಸ. ಕ್ಯಾಲಿಫೋರ್ನಿಯಾ 2018ರಲ್ಲೇ ಇವರಿಗೆ ಕಾನೂನು ಮಾಡಿದೆ: ಸೈರನ್ ಹಾಕಿಕೊಂಡು ಹೋಗುವ ಹಾಗಿಲ್ಲ, ಸರ್ಕಾರಿ ಅಗ್ನಿಶಾಮಕದವರ ಜೊತೆ ಹೊಂದಿಕೊಂಡೇ ಕೆಲಸ ಮಾಡಬೇಕು. ನಮ್ಮದು ಇನ್ನೊಂದು ಜಾತಿ. ನಮ್ಮ ಒಪ್ಪಂದ ಇರುವುದು ಕೇಂದ್ರ ಸರ್ಕಾರದ ಫಾರೆಸ್ಟ್ ಸರ್ವಿಸ್ ಮತ್ತು ಆರೆಗನ್ ರಾಜ್ಯದ ಅರಣ್ಯ ಇಲಾಖೆ ಜೊತೆ. ಬೆಂಕಿ ಜಾಸ್ತಿಯಾಗಿ ಅವರ ಸ್ವಂತ ಜನ ಸಾಲದೆ ಬಂದಾಗ ನಮಗೆ ಫೋನ್ ಬರುತ್ತದೆ. ಸುದ್ದಿಯಲ್ಲಿ ಮೊದಲನೆಯವರೇ ಕಾಣಿಸುತ್ತಾರೆ. ದಟ್ಟ ಕಾಡಿನಲ್ಲಿ ಬೆಂಕಿ ಹರಡದ ಹಾಗೆ ಮಣ್ಣು ಅಗೆಯುವವರ ಫೋಟೋ ಯಾರು ಹಾಕುತ್ತಾರೆ, ಅಲ್ವಾ?

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಮ್ಮ ಒಪ್ಪಂದದ ಒಟ್ಟು ಅರ್ಥ 'ಬೇಕಾದರೆ ಕರೆಯುತ್ತೇವೆ' ಅಂತ. ಕರೆದರೆ ಎಂಜಿನ್‌ಗೆ ದಿನಕ್ಕಿಷ್ಟು, ಕ್ರೂಗೆ ಗಂಟೆಗಿಷ್ಟು. ಕರೆಯದಿದ್ದರೆ ಸೊನ್ನೆ. ಆದರೆ ಕರೆಯಬಹುದಾದವರ ಪಟ್ಟಿಯಲ್ಲಿ ಇರಬೇಕಾದರೆ ಎಲ್ಲ ಖರ್ಚನ್ನೂ ಜೂನ್‌ಗೆ ಮೊದಲೇ ಮಾಡಿ ಮುಗಿಸಿರಬೇಕು. ಕಾರ್ಮಿಕರ ವಿಮೆ, ಗಾಡಿ ವಿಮೆ, ಟೈರು, ಪೈಪು, ತರಬೇತಿ, ಬಟ್ಟೆ. ಬೆಂಕಿ ಬಿತ್ತು ಅಂದಮೇಲೆ ತಯಾರಾಗುತ್ತೇನೆ ಅನ್ನುವವನಿಗೆ ಇಲ್ಲಿ ಜಾಗವಿಲ್ಲ. ಹಾಗಾಗಿ 'ಬೆಂಕಿ ಇಲ್ಲದ ತಿಂಗಳು' ಅಂತ ನೀವು ಕರೆದದ್ದು ನನಗೆ ವರ್ಷದಲ್ಲೇ ಅತಿ ಬಿಡುವಿಲ್ಲದ ಕಾಲ.

ಎಂಜಿನ್ ತಪಾಸಣೆ ಹೇಗಿರುತ್ತದೆ ಹೇಳುತ್ತೇನೆ. ನಮ್ಮ ಮೂರೂ ಎಂಜಿನ್‌ಗಳು ಇಲ್ಲಿಯ ಲೆಕ್ಕದಲ್ಲಿ 'ಟೈಪ್ 6', ಅಂದರೆ ಕಾಡಿನ ಮಣ್ಣುದಾರಿಗೆ ಇಳಿಯುವ ಪಿಕಪ್ ಜಾತಿಯವು. ಕನಿಷ್ಠ 150 ಗ್ಯಾಲನ್, ಸುಮಾರು 570 ಲೀಟರ್ ನೀರು ಇರಲೇಬೇಕು. ಪಂಪು ನಿಮಿಷಕ್ಕೆ 50 ಗ್ಯಾಲನ್ ಎತ್ತಬೇಕು. ಪೈಪಿನ ಉದ್ದ, ಸಲಿಕೆಗಳ ಸಂಖ್ಯೆ, ಟೈರಿನ ಸವಕಲು, ಎಲ್ಲದಕ್ಕೂ ಪಟ್ಟಿ ಇದೆ. ಇದರ ಜೊತೆಗೆ ತೂಕದ ಚೀಟಿಯೂ ಬೇಕು. ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಜನರನ್ನು ಕೂರಿಸಿಯೇ ತೂಗಬೇಕು. ಗಾಡಿ ತಯಾರಿಸಿದ ಕಂಪನಿ ಬರೆದ ಮಿತಿ ಮೀರಬಾರದು.

ಕಳೆದ ವರ್ಷ ನಮ್ಮ ಒಂದು ಗಾಡಿ ಇಲ್ಲೇ ಸಿಕ್ಕಿಬಿತ್ತು. ಹಿಂದಿನ ಆಕ್ಸಲ್ ಮೇಲೆ ಭಾರ ಜಾಸ್ತಿ. ಪಂಪಿನವರನ್ನು ಬೈದದ್ದಾಯಿತು, ತೂಕದ ಯಂತ್ರವನ್ನು ಬೈದದ್ದಾಯಿತು. ಕೊನೆಗೆ ಪಕ್ಕದ ಡಬ್ಬಿ ತೆಗೆದರೆ ಒಳಗೆ ಹಿಮದಲ್ಲಿ ಟೈರಿಗೆ ಸುತ್ತುವ ಚೈನು ಎರಡು ಜೊತೆ, ಒಂದು ಹಳೇ ಜಾಕ್, ಕೂಲ್‌ಡ್ರಿಂಕ್ ಬಾಟಲಿಗಳ ಎರಡು ಪೆಟ್ಟಿಗೆ. ಚಳಿಗಾಲದಲ್ಲಿ ಯಾರೋ ಇಟ್ಟವರು ಮರೆತಿದ್ದರು. ಆ ಪೆಟ್ಟಿಗೆಗಳ ಬಿಲ್ ಪಾಸ್ ಮಾಡಿದವಳು ನಾನೇ. ಬಾಯಿ ಬಿಡಲಿಲ್ಲ.

ಇನ್ನು ಜನ. ಹೊಸಬರಿಗೆ ಬೆಂಕಿಯ ನಡವಳಿಕೆ, ಸಲಕರಣೆ, ತಂಡದಲ್ಲಿ ಮಾತಾಡುವ ರೀತಿ ಇವೆಲ್ಲ ಕಲಿಸುವ ಮೂಲ ಕೋರ್ಸ್‌ಗಳಿವೆ. ಹಳಬರಿಗೂ ವರ್ಷಕ್ಕೊಮ್ಮೆ ರಿಫ್ರೆಶರ್ ಕಡ್ಡಾಯ. ಸರ್ಕಾರಿ ನೌಕರನಿಗೂ ನಮ್ಮವನಿಗೂ ಅದೇ ಪಾಠ. ಎಲ್ಲ ಮುಗಿದರೆ ಸಿಗುವುದು 'ರೆಡ್ ಕಾರ್ಡ್'. ಅದಿಲ್ಲದೆ ಬೆಂಕಿಯ ಹತ್ತಿರ ಬಿಡುವುದಿಲ್ಲ.

ಆದರೆ ಎಲ್ಲರೂ ಹೆದರುವುದು ಪ್ಯಾಕ್ ಟೆಸ್ಟ್‌ಗೆ. 45 ಪೌಂಡ್, ಅಂದರೆ ಸುಮಾರು 20 ಕೆಜಿ ಬೆನ್ನಿಗೆ ಹಾಕಿಕೊಂಡು 3 ಮೈಲಿಯನ್ನು 45 ನಿಮಿಷದಲ್ಲಿ ನಡೆಯಬೇಕು. ಓಡುವಂತಿಲ್ಲ, ನಡಿಗೆಯೇ ಆಗಬೇಕು. ಎರಡು ವರ್ಷದ ಹಿಂದೆ ನಾನೂ ಸುಮ್ನೆ ಜಂಬಕ್ಕೆ ಹೆಸರು ಕೊಟ್ಟೆ. ಶಾಲೆಯ ಟ್ರ್ಯಾಕಿನಲ್ಲಿ 12 ಸುತ್ತು. ಅಕ್ಕಿ ಮೂಟೆಗಿಂತ ಐದು ಕೆಜಿ ಕಡಿಮೆ, ಏನು ಮಹಾ ಅಂದುಕೊಂಡಿದ್ದೆ. ಐದನೇ ಸುತ್ತಿಗೆ ಮೊಣಕಾಲ ಕೆಳಗಿನ ಮೂಳೆಯ ಮುಂಭಾಗ ಉರಿಯೋಕೆ ಶುರುವಾಯಿತು. ಓಡಿದರೆ ಆರಾಮ ಅನಿಸುತ್ತದೆ, ಓಡಿದರೆ ಫೇಲ್. ನನ್ನ ಪಕ್ಕ ನಡೆಯುತ್ತಿದ್ದವರು ಐವತ್ತು ದಾಟಿದ ಒಬ್ಬ ಸ್ಕ್ವಾಡ್ ಬಾಸ್, ಅಂದರೆ ಕ್ರೂ ಒಳಗಿನ ಸಣ್ಣ ತಂಡದ ಮುಖ್ಯಸ್ಥ. ದಾರಿಯುದ್ದಕ್ಕೂ ಸ್ಪ್ಯಾನಿಷ್‌ನಲ್ಲಿ ಏನೋ ಹಾಡು ಗುನುಗುತ್ತಿದ್ದರು. ನಾನು 44 ನಿಮಿಷ ಚಿಲ್ಲರೆಗೆ ಮುಗಿಸಿದೆ. ಅವರು ಅಷ್ಟೊತ್ತಿಗೆ ಬೂಟು ಬಿಚ್ಚಿ ಕಿತ್ತಳೆ ಹಣ್ಣು ಸುಲಿಯುತ್ತಾ ಕೂತಿದ್ದರು.

ಸ್ಪ್ಯಾನಿಷ್ ಯಾಕೆ ಅಂತೀರಾ? ಆರೆಗನ್‌ನ ಇಂಥ ಎಷ್ಟೋ ಕ್ರೂಗಳ ಬೇರು ಗಿಡ ನೆಡುವ, ಕಾಡು ಸವರುವ ಗುತ್ತಿಗೆಯಲ್ಲಿದೆ. ಆ ಕೆಲಸಕ್ಕೆ ಬಂದವರಲ್ಲಿ ಮೆಕ್ಸಿಕೋ ಮೂಲದವರು ಬಹಳ. ಅದಕ್ಕೇ ಕ್ರೂ ಬಾಸ್‌ಗೆ ಇಂಗ್ಲಿಷೂ ಬರಬೇಕು, ತನ್ನ ಜನರ ಭಾಷೆಯೂ ಬರಬೇಕು ಅಂತ ಒಪ್ಪಂದದಲ್ಲೇ ಇದೆ. 'ಓಡಿ' ಅಂದರೆ ಎಲ್ಲರಿಗೂ ತಕ್ಷಣ ಅರ್ಥವಾಗಬೇಕಲ್ಲ.

ಹೊಸಬರು ನಗುವುದು ಶೆಲ್ಟರ್ ಅಭ್ಯಾಸದ ದಿನ. ಅಲ್ಯೂಮಿನಿಯಂ ಹಾಳೆ ಹೊದೆಸಿದ ಸಣ್ಣ ಡೇರೆ ಅದು, ಸೊಂಟದ ಹತ್ತಿರ ಸುತ್ತಿಟ್ಟುಕೊಂಡಿರುತ್ತಾರೆ. ಬೆಂಕಿ ಸುತ್ತುವರಿದು ಬೇರೆ ದಾರಿಯೇ ಇಲ್ಲದಾಗ ಕೊಡವಿ, ಒಳಗೆ ನುಗ್ಗಿ, ಬೆಂಕಿ ಬರುವ ಕಡೆಗೆ ಪಾದ ಮಾಡಿ, ಮುಖ ನೆಲಕ್ಕೆ ಒತ್ತಿ ಮಲಗಬೇಕು. ಮೈದಾನದಲ್ಲಿ ಗಾಳಿಗೆ ಅದು ಪಟಪಟ ಹಾರುವಾಗ ಮೀನು ಹುರಿಯೋಕೆ ಸುತ್ತಿಟ್ಟ ಹಾಗೆ ಕಾಣುತ್ತದೆ. 2013ರಲ್ಲಿ ಅರಿಝೋನಾದ ಯಾರ್ನೆಲ್ ಹಿಲ್‌ನಲ್ಲಿ 19 ಜನ ಈ ಶೆಲ್ಟರ್ ಬಿಚ್ಚಿಯೂ ಉಳಿಯಲಿಲ್ಲ ಅಂತ ತರಬೇತಿದಾರರು ಹೇಳಿದ ಮೇಲೆ ನಗು ನಿಲ್ಲುತ್ತದೆ.

ಆದರೆ ನಾನು ಹೆದರುವುದು ರಸ್ತೆಗೆ. 2003ರ ಆಗಸ್ಟ್‌ನಲ್ಲಿ ಆರೆಗನ್‌ನ ಒಂದು ಖಾಸಗಿ ಕ್ರೂನ ಎಂಟು ಜನ ಐಡಹೋದ ಬೆಂಕಿ ಮುಗಿಸಿ ವಾಪಸ್ ಬರುವಾಗ, ವೇಲ್ ಎಂಬ ಊರಿನ ಹತ್ತಿರ ವ್ಯಾನ್ ಲಾರಿಗೆ ಡಿಕ್ಕಿ ಹೊಡೆದು ಸತ್ತರು. ಬೆಂಕಿ ದಾಟಿ ಬಂದವರು. ಟೈರಿನ ಬಿಲ್‌ಗೆ ನಾನು ಎದುರು ಮಾತಾಡುವುದಿಲ್ಲ.

ಇನ್ನು ಸಂಬಳದ ವಿಷಯ. ಚಳಿಗಾಲದಲ್ಲಿ ಕ್ರೂಗೆ ಕಾಡು ಸವರುವ ಗುತ್ತಿಗೆ ಇರುತ್ತದೆ: ಒತ್ತಾದ ಸಣ್ಣ ಮರ ಕಡಿಯುವುದು, ರಾಶಿ ಹಾಕುವುದು, ಒದ್ದೆ ದಿನ ನೋಡಿ ರಾಶಿ ಸುಡುವುದು, ಸುಟ್ಟ ಜಾಗದಲ್ಲಿ ಸಸಿ ನೆಡುವುದು. ಕಂಪನಿ ಉಳಿಯುವುದು ಇದರಿಂದ, ದುಡ್ಡು ಮಾಡುವುದು ಬೆಂಕಿಯಿಂದ. ಆ ದುಡ್ಡು ಎಷ್ಟು ನಂಬಬಹುದು ಅಂದರೆ, 2023ರಲ್ಲಿ ಇಡೀ ಅಮೆರಿಕದಲ್ಲಿ ಸುಟ್ಟದ್ದು ಸುಮಾರು 27 ಲಕ್ಷ ಎಕರೆ. ಮರುವರ್ಷ 89 ಲಕ್ಷ. ಆರೆಗನ್ ಒಂದರಲ್ಲೇ 19 ಲಕ್ಷ, ಈ ರಾಜ್ಯದ ದಾಖಲೆ. ನಮ್ಮ ತಯಾರಿ ಖರ್ಚು ಎರಡೂ ವರ್ಷ ಹೆಚ್ಚುಕಮ್ಮಿ ಒಂದೇ.

ಹಾಗಾದರೆ ಬೆಂಕಿ ಬರಲಿ ಅಂತ ಕಾಯುತ್ತೀರಾ ಅಂತ ಕೇಳಬಹುದು. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಪಕ್ಕದ ಟ್ಯಾಲೆಂಟ್, ಫೀನಿಕ್ಸ್ ಊರುಗಳಲ್ಲಿ ಮನೆಗಳು ಸಾಲುಸಾಲಾಗಿ ಸುಟ್ಟುಹೋದವು. ನಮ್ಮ ಕ್ರೂನಲ್ಲೇ ಒಬ್ಬರ ಮನೆ ಹೋಯಿತು, ಅವರು ಆಗ ಬೇರೆ ಕಡೆ ಬೆಂಕಿ ಆರಿಸುತ್ತಿದ್ದರು. ಆದರೂ ಮಾರ್ಚ್ ಬಂತು ಅಂದರೆ ಎಲ್ಲರೂ ಬೆಟ್ಟದ ಮೇಲೆ ಹಿಮ ಎಷ್ಟಿದೆ ಅಂತ ನೋಡುತ್ತಾರೆ; ಹಿಮ ಕಡಿಮೆಯಾದರೆ ಕಾಡು ಬೇಗ ಒಣಗುತ್ತದಲ್ಲ. ನಮ್ಮ ಚಿಕ್ಕಮಗಳೂರು ಕಡೆ ಅಪ್ಪ ಹೂಮಳೆಗೆ ಆಕಾಶ ನೋಡುತ್ತಿದ್ದ ಹಾಗೆ. ಪ್ರತಿ ತಿಂಗಳ 1ನೇ ತಾರೀಖು ಬಾಯ್ಸಿ ನಗರದ ರಾಷ್ಟ್ರೀಯ ಬೆಂಕಿ ಕೇಂದ್ರದಿಂದ ಮುಂದಿನ ತಿಂಗಳುಗಳ ಮುನ್ಸೂಚನೆ ಬರುತ್ತದೆ, ನಕ್ಷೆಯಲ್ಲಿ ನಮ್ಮ ಕಡೆ ಕೆಂಪು, ಅಂದರೆ ಬೆಂಕಿಯ ಅಪಾಯ ಜಾಸ್ತಿ, ಇದೆಯಾ ಅಂತ ಮಾಲೀಕರು ನನ್ನ ಮೇಜಿನ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಕೆಂಪಿದ್ದರೆ 'ಹೂಂ' ಅನ್ನುತ್ತಾರೆ. ಇಲ್ಲದಿದ್ದರೂ 'ಹೂಂ' ಅನ್ನುತ್ತಾರೆ. ಆಮೇಲೆ ಹೋಗಿ ಪಂಪ್ ಸ್ಟಾರ್ಟ್ ಮಾಡಿ ನೋಡುತ್ತಾರೆ.